ಮಾಸಿದ ಮುಖಫಲಕಗಳ ಓದು ಮತ್ತು ರಕ್ಷಣೆ

ಇತಿಹಾಸದ ಆಕರಗಳೆಂದೊಡನೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಗರಿ, ಕಡತ ಇವೇ ನಮ್ಮ ಮನಸ್ಸಿಗೆ ಬರುವುದು ಸಹಜ. ಆದರೆ ಇಪ್ಪತ್ತನೆಯ ಶತಮಾನದ ಚರಿತ್ರೆಯನ್ನು ಬರೆಯಹೊರಟವನಿಗೆ ಇವು ಸಾಲುವುದಿಲ್ಲ. ಆ ಶತಮಾನದಲ್ಲಿ ನಮ್ಮ ನಾಡಿನ ಸಾವಿರಾರು ಜನರು ಹೊಲವನ್ನು ಬಿಟ್ಟು ಕಾರ್ಖಾನೆಗೆ ಬಂದರು; ಕಣ್ಣಿಗೆ ಕಾಣದ ವಿದ್ಯುತ್ತನ್ನು ಅಳೆಯುವುದನ್ನು ಕಲಿತರು; ಆ ಅಳತೆಯನ್ನೇ ಜೀವನೋಪಾಯ ಮಾಡಿಕೊಂಡರು. ಅವರು ದಿನವೂ ದಿಟ್ಟಿಸುತ್ತಿದ್ದ ವಸ್ತುವೊಂದಿದ್ದರೆ ಅದು ಪರೀಕ್ಷಣೋಪಕರಣದ ಮುಖಫಲಕ, ಅಂದರೆ ಡಯಲು. ಮಲ್ಟಿಮೀಟರು, ವಾಲ್ವ್ ವೋಲ್ಟ್‌ಮೀಟರು, ಸಿಗ್ನಲ್ ಜನರೇಟರು ಮುಂತಾದ ಹಳೆಯ ಉಪಕರಣಗಳ ಮುಖಫಲಕಗಳು ಈಗ ಮಾಸುತ್ತಿವೆ. ಅವುಗಳನ್ನು ಸರಿಪಡಿಸುವ ಬಗೆ ಯಾವುದು, ಸರಿಪಡಿಸುವಾಗ ಯಾವುದನ್ನು ಮುಟ್ಟಬಾರದು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಮಟ್ಟಿಗೆ ಇದು ದೂರದ ವಿಷಯವಲ್ಲ. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ಸ್ಥಾಪಿತವಾದುವು. ಎರಡನೆಯದು ಫ್ರಾನ್ಸಿನ ಸಿ. ಎಸ್. ಎಫ್. ಕಂಪನಿಯ ತಾಂತ್ರಿಕ ಸಹಕಾರದೊಡನೆ ಆರಂಭವಾಗಿ, 1961ರಲ್ಲಿ ರೇಡಿಯೋ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಮ್ ಅರೆವಾಹಕಗಳನ್ನೂ ತಯಾರಿಸತೊಡಗಿತು. ನಗರದ ಪಶ್ಚಿಮಕ್ಕೆ, ಮೈಸೂರು ರಸ್ತೆಯಲ್ಲಿ, ರೇಡಿಯೋ ಅಂಡ್ ಎಲೆಕ್ಟ್ರಿಕಲ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿ ಇತ್ತು. ಜನರ ಬಾಯಲ್ಲಿ ಅದು ‘ರೆಮ್ಕೋ’. ವಿದ್ಯುತ್ ಮೀಟರುಗಳಿಗೆ ಹೆಸರಾಗಿದ್ದ ಆ ಕಾರ್ಖಾನೆ 1970ರ ದಶಕದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಗೆ ಸೇರಿ, ಅದರ ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ನೆಲೆಯಾಯಿತು. ಹಳೆಯ ಹೆಸರು ಇಂದು ವಿಜಯನಗರದ ಬಳಿಯ ಒಂದು ಬಡಾವಣೆಯ ಹೆಸರಿನಲ್ಲಿ ಮಾತ್ರ ಕೇಳಬರುತ್ತದೆ. ಇಂತಹ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಲವರು ಅದೇ ಮೈಸೂರು ರಸ್ತೆಯಲ್ಲಿ ಮುಂದಿರುವ ಕೆಂಗೇರಿ ಉಪನಗರದಲ್ಲಿ ಮನೆ ಕಟ್ಟಿಕೊಂಡು ನೆಲಸಿದ್ದಾರೆ.

ಅಂತಹ ಹಿರಿಯರೊಬ್ಬರು ಒಮ್ಮೆ ತಮ್ಮ ಕಪಾಟಿನಿಂದ ಒಂದು ಮೀಟರನ್ನು ತೆಗೆದು ನನ್ನ ಮುಂದಿಟ್ಟರು. ಅದರ ಮುಖಫಲಕದ ಬಲಭಾಗ ಬಹುಮಟ್ಟಿಗೆ ಬರಿದಾಗಿತ್ತು. ಹಲವು ವರ್ಷಗಳ ಹಿಂದೆ ಕೊಳೆಯನ್ನು ತೆಗೆಯಲೆಂದು ತಾವೇ ಥಿನ್ನರ್ ಅದ್ದಿದ ಬಟ್ಟೆಯಿಂದ ಒರಸಿದ್ದಾಗಿಯೂ, ಕೊಳೆಯೊಡನೆ ಗೆರೆಗಳೂ ಅಕ್ಷರಗಳೂ ಬಟ್ಟೆಗೆ ಬಂದುದಾಗಿಯೂ ಹೇಳಿದರು. ಬಳಿಕ, “ಮೇಷ್ಟ್ರೇ, ಇದನ್ನ ಹೊಸದರ ಹಾಗೆ ಮಾಡಬಹುದೇ?” ಎಂದು ಕೇಳಿದರು. ಮಾಡಬಹುದು; ಆದರೆ ಹೊಸದರಂತೆ ಮಾಡುವುದು, ಮೊದಲಿದ್ದಂತೆ ಮಾಡುವುದು, ಇವೆರಡೂ ಒಂದೇ ಅಲ್ಲ. ಈ ಭೇದವನ್ನು ತಿಳಿಯಬೇಕಾದರೆ ಮುಖಫಲಕದಲ್ಲಿ ಏನೇನು ಬರೆದಿರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಮುಳ್ಳು ಆಡುವ ಮೀಟರುಗಳಲ್ಲಿ ಬಹುಪಾಲಿನವು ಚಲಿಸುವ ಸುರುಳಿಯ ತತ್ತ್ವವನ್ನು ಅವಲಂಬಿಸಿವೆ. 1880ರ ದಶಕದಲ್ಲಿ ಫ್ರಾನ್ಸಿನ ದಾರ್ಸನ್‌ವಾಲ್ ಇದಕ್ಕೆ ರೂಪಕೊಟ್ಟನು. ಅಮೆರಿಕದ ಎಡ್ವರ್ಡ್ ವೆಸ್ಟನ್ ಇದನ್ನು ಕೈಯಲ್ಲಿ ಹಿಡಿದೊಯ್ಯಬಹುದಾದ ಉಪಕರಣವನ್ನಾಗಿ ಮಾಡಿದನು. ಅಯಸ್ಕಾಂತದ ಧ್ರುವಗಳ ನಡುವೆ ಸಣ್ಣ ತಂತಿಯ ಸುರುಳಿಯೊಂದು ತೂಗಿರುತ್ತದೆ. ಪ್ರವಾಹ ಹರಿದಾಗ ಸುರುಳಿ ತಿರುಗುತ್ತದೆ. ಕೂದಲಿನಷ್ಟು ತೆಳುವಾದ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಎರಡೂ ಸಮವಾದೆಡೆ ಮುಳ್ಳು ನಿಲ್ಲುತ್ತದೆ. ತಿರುಗುವ ಕೋನ ಪ್ರವಾಹದ ಪ್ರಮಾಣದಲ್ಲಿಯೇ ಇರುವುದರಿಂದ ಪ್ರವಾಹದ ಗೆರೆಗಳು ಸಮಾಂತರದಲ್ಲಿರುತ್ತವೆ.

ಅದೇ ಫಲಕದ ಮೇಲಿರುವ ಓಮ್ ಗೆರೆಗಳು ಹಾಗಿರುವುದಿಲ್ಲ. ಮೀಟರಿನ ಒಳರೋಧ 20 ಓಮ್ ಎಂದಿಟ್ಟುಕೊಳ್ಳೋಣ. ಹೊರಗೆ 20 ಓಮ್ ರೋಧವನ್ನು ಸೇರಿಸಿದರೆ ಪ್ರವಾಹ ಅರ್ಧಕ್ಕಿಳಿದು ಮುಳ್ಳು ನಡುವೆ ನಿಲ್ಲುತ್ತದೆ. 60 ಓಮಿಗೆ ಪೂರ್ಣ ಪ್ರವಾಹದ ಕಾಲುಭಾಗ, 180 ಓಮಿಗೆ ಹತ್ತರಲ್ಲೊಂದು ಭಾಗ. ಆದುದರಿಂದ ಗೆರೆಗಳು ಒಂದು ಕಡೆ ಬಿಡಿಬಿಡಿಯಾಗಿ, ಇನ್ನೊಂದು ಕಡೆ ಒತ್ತೊತ್ತಾಗಿ ಬರುತ್ತವೆ. ನಡುಗೆರೆಯ ಸಂಖ್ಯೆಯೊಂದು ಉಳಿದಿದ್ದರೆ ಸಾಕು, ಅಳಿಸಿಹೋದ ಓಮ್ ಗೆರೆಗಳೆಲ್ಲವನ್ನೂ ಲೆಕ್ಕದಿಂದ ಮತ್ತೆ ಪಡೆಯಬಹುದು. ಆ ಒಂದು ಸಂಖ್ಯೆಯೂ ಹೋದರೆ, ತಿಳಿದ ಬೆಲೆಯ ರೋಧಗಳನ್ನು ಒಂದೊಂದಾಗಿ ಸೇರಿಸಿ ಮುಳ್ಳು ನಿಲ್ಲುವ ಜಾಗವನ್ನು ಗುರುತಿಸಿಕೊಳ್ಳಬೇಕಾಗುತ್ತದೆ.

ಗೆರೆಗಳನ್ನು ಲೆಕ್ಕದಿಂದ ಮರಳಿ ಪಡೆಯಬಹುದು. ಫಲಕದ ಕೆಳಮೂಲೆಯಲ್ಲಿರುವ ಸಣ್ಣ ಚಿಹ್ನೆಗಳನ್ನು ಹಾಗೆ ಪಡೆಯಲಾಗದು. ಲಾಳಾಕಾರದ ಅಯಸ್ಕಾಂತದ ಚಿತ್ರ ಚಲಿಸುವ ಸುರುಳಿಯ ಯಂತ್ರವೆಂಬುದನ್ನು ಸೂಚಿಸುತ್ತದೆ. ನಕ್ಷತ್ರದೊಳಗಿನ ಅಂಕಿ ಉಪಕರಣದ ವಿದ್ಯುತ್ ನಿರೋಧನವನ್ನು ಎಷ್ಟು ಸಾವಿರ ವೋಲ್ಟಿನಲ್ಲಿ ಪರೀಕ್ಷಿಸಲಾಗಿದೆ ಎಂಬುದನ್ನು ತಿಳಿಸುತ್ತದೆ. ಲಂಬರೇಖೆಯ ಗುರುತು ಮೀಟರನ್ನು ನಿಲ್ಲಿಸಿ ಓದಬೇಕೆಂದೂ, ಅದಕ್ಕೆ ಬೇರೆಯಾದ ಇನ್ನೊಂದು ಗುರುತು ಮಲಗಿಸಿ ಓದಬೇಕೆಂದೂ ಹೇಳುತ್ತವೆ. 0.5, 1, 1.5, 2.5 ಎಂಬಂತಹ ಒಂಟಿ ಸಂಖ್ಯೆ ನಿಖರತೆಯ ದರ್ಜೆ, 1.5 ಎಂದಿದ್ದರೆ ತಪ್ಪು ಪೂರ್ಣ ಅಳತೆಯ ನೂರರಲ್ಲಿ ಒಂದೂವರೆ ಭಾಗವನ್ನು ಮೀರದೆಂದು ತಯಾರಕನ ಭರವಸೆ. ಭಾರತೀಯ ಮಾನಕಗಳಲ್ಲಿ ಇಂತಹ ಮೀಟರುಗಳಿಗೆ ಸಂಬಂಧಿಸಿದುದು ಐ.ಎಸ್. 1248. ಆ ಅಂಕಿಯೇ ಫಲಕದ ಮೇಲಿದ್ದರೆ, ಅದು ಸ್ವತಂತ್ರ ಭಾರತದ ಮಾನಕವ್ಯವಸ್ಥೆ ರೂಪುಗೊಂಡ ಮೇಲಿನದೆಂದು ಒಮ್ಮೆಗೇ ತಿಳಿಯುತ್ತದೆ. ಮೂಲೆಯಲ್ಲಿ, ಕಿರಿದಾಗಿ ಇರುವುದರಿಂದ ಈ ಚಿಹ್ನೆಗಳೇ ಮೊದಲು ಮಾಸುತ್ತವೆ. ಒರಸುವವನ ಗಮನಕ್ಕೆ ಬಾರದೆ ಅಳಿಯುವುದೂ ಇವೇ.

ಮುಖಫಲಕದ ಮಾತಿನ ಕಾಲವನ್ನು ಅದರ ಪದಗಳಿಂದಲೇ ಅಳೆಯಬಹುದು. ಆವರ್ತನವನ್ನು ‘ಸೈಕಲ್’ ಎಂದು ಬರೆಯುತ್ತಿದ್ದ ಕಾಲವೊಂದಿತ್ತು. 1960ರಲ್ಲಿ ತೂಕ ಮತ್ತು ಅಳತೆಗಳ ಸಾರ್ವತ್ರಿಕ ಸಮ್ಮೇಳನ ‘ಹರ್ಟ್ಸ್’ ಎಂಬ ಹೆಸರನ್ನು ಅಂಗೀಕರಿಸಿದ ಮೇಲೆ ಹಳೆಯ ರೂಪ ಕ್ರಮೇಣ ಹಿಂದೆಬಿತ್ತು. ಇಂದು ಪಿಕೊಫ್ಯಾರಡ್ ಎನ್ನುವುದನ್ನು ಹಿಂದೆ ಮೈಕ್ರೊ-ಮೈಕ್ರೊಫ್ಯಾರಡ್ ಎನ್ನುತ್ತಿದ್ದರು. ತಯಾರಿಕೆಯ ಸ್ಥಳದ ಹೆಸರಿನೊಡನೆ ಮೈಸೂರು ರಾಜ್ಯವೆಂದಿದ್ದರೆ, ಆ ಫಲಕದ ವಿನ್ಯಾಸ 1973ರ ನವೆಂಬರ್ 1ಕ್ಕೆ ಹಿಂದಿನದೆಂದು ಊಹಿಸಲು ಆಧಾರವಿದೆ. ಅಂದು ರಾಜ್ಯ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಶಾಸನವೊಂದರ ಕಾಲವನ್ನು ಲಿಪಿಯಿಂದಲೂ ಭಾಷೆಯಿಂದಲೂ ಊಹಿಸುವ ವಿಧಾನಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಹೀಗಿರಲು, ‘ಸರಿಪಡಿಸುವ’ ಉತ್ಸಾಹದಲ್ಲಿ ಸೈಕಲನ್ನು ಹರ್ಟ್ಸ್ ಎಂದು ತಿದ್ದಿದವನು ಉಪಕರಣಕ್ಕೆ ಉಪಕಾರ ಮಾಡಿದಂತಾಗುವುದಿಲ್ಲ. ಅದರ ಜನ್ಮಪತ್ರಿಕೆಯನ್ನು ಹರಿದಂತಾಗುತ್ತದೆ.

ಇನ್ನೊಂದು ಅಂಶವೂ ಉಂಟು. ಸಾಮಾನ್ಯ ದರ್ಜೆಯ ಮೀಟರುಗಳ ಗೆರೆಗಳನ್ನು ಒಟ್ಟಾಗಿ ಅಚ್ಚು ಹಾಕುತ್ತಿದ್ದರಾದರೂ, ಉತ್ತಮ ದರ್ಜೆಯ ಉಪಕರಣಗಳಿಗೆ ಹಾಗೆ ಮಾಡುತ್ತಿರಲಿಲ್ಲ. ಪ್ರತಿಯೊಂದನ್ನೂ ಪ್ರಮಾಣಭೂತ ಉಪಕರಣದೊಡನೆ ಹೋಲಿಸಿ, ಮುಖ್ಯ ಬಿಂದುಗಳನ್ನು ಗುರುತಿಸಿ, ನಡುವಿನ ಗೆರೆಗಳನ್ನು ಆ ಒಂದು ಉಪಕರಣಕ್ಕಾಗಿಯೇ ಎಳೆಯುತ್ತಿದ್ದರು. ಸಿಗ್ನಲ್ ಜನರೇಟರಿನ ಆವರ್ತನದ ಡಯಲೂ ಹೀಗೆಯೇ. ಅದರ ಗೆರೆಗಳು ಒಳಗಿನ ಸುರುಳಿಯನ್ನೂ ತಿರುಗುವ ಕಂಡೆನ್ಸರಿನ ತಟ್ಟೆಗಳ ಆಕಾರವನ್ನೂ ಹೊಂದಿಕೊಂಡಿರುತ್ತವೆ. ಧಾರಕತೆ ಒಂಬತ್ತು ಪಟ್ಟು ಬದಲಾದರೆ ಆವರ್ತನ ಮೂರು ಪಟ್ಟು ಮಾತ್ರ ಬದಲಾಗುತ್ತದೆ. ತಟ್ಟೆಯೊಂದು ತುಸು ಬಾಗಿದ್ದರೂ ಗೆರೆಯ ಸ್ಥಾನ ಸರಿಯುತ್ತದೆ. ಅದೇ ಮಾದರಿಯ ಬೇರೊಂದು ಉಪಕರಣದ ಫಲಕವನ್ನು ನಕಲುಮಾಡಿ ಅಂಟಿಸಿದರೆ, ನೋಡಲು ಸೊಗಸಾಗಿರುತ್ತದೆ. ಅಳತೆ ಮಾತ್ರ ಬೇರೊಬ್ಬರದಾಗಿರುತ್ತದೆ.

ಈಗ ಕೆಲಸದ ಕ್ರಮವನ್ನು ನೋಡೋಣ. ಮೊದಲನೆಯದಾಗಿ ಉಪಕರಣವನ್ನು ವಿದ್ಯುತ್ತಿನಿಂದ ಬೇರ್ಪಡಿಸಬೇಕು. ವಾಲ್ವಿನ ಉಪಕರಣಗಳ ಕಂಡೆನ್ಸರುಗಳಲ್ಲಿ ಪ್ಲಗ್ಗನ್ನು ಕಿತ್ತ ಮೇಲೂ ಅಪಾಯಕರವಾದ ವಿದ್ಯುದಾವೇಶ ಉಳಿದಿರಬಹುದೆಂಬುದನ್ನು ಮರೆಯಲಾಗದು. ಮೀಟರನ್ನು ಬಿಚ್ಚುವ ಮೇಜಿನ ಮೇಲೆ ಕಬ್ಬಿಣದ ಪುಡಿ ಒಂದು ಕಣವೂ ಇರಕೂಡದು. ಅಯಸ್ಕಾಂತ ಅದನ್ನು ಸೆಳೆದುಕೊಂಡರೆ ಸುರುಳಿಯ ಸಂದಿನಲ್ಲಿ ಸಿಕ್ಕಿ ಮುಳ್ಳು ತಡೆದು ನಿಲ್ಲುತ್ತದೆ. ಬಾಯಿಂದ ಊದುವುದು ಸಲ್ಲದು. ಫಲಕವನ್ನು ಸಾಮಾನ್ಯವಾಗಿ ಎರಡು ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಅವನ್ನು ತೆಗೆದು, ಮುಳ್ಳಿಗೆ ತಾಗದಂತೆ ಫಲಕವನ್ನು ಪಕ್ಕಕ್ಕೆ ಜಾರಿಸಿ ಹೊರತೆಗೆಯಬೇಕು.

ಎರಡನೆಯದಾಗಿ, ಯಾವುದನ್ನೂ ಒರಸುವ ಮೊದಲು ಪ್ರತಿ ತೆಗೆಯಬೇಕು. ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಕ್ಯಾಮೆರಾದ ಮಸೂರ ಅಂಚಿನ ಗೆರೆಗಳನ್ನು ಸ್ವಲ್ಪ ಬಾಗಿಸುವುದರಿಂದ ಚಪ್ಪಟೆ ಗಾಜಿನ ಸ್ಕ್ಯಾನರು ಲೇಸು. ಪಕ್ಕದಲ್ಲಿ ಮಿಲಿಮೀಟರ್ ಪಟ್ಟಿಯೊಂದನ್ನಿಟ್ಟು, ಅಂಗುಲಕ್ಕೆ 600 ಚುಕ್ಕೆಗಳಿಗೆ ಕಡಮೆಯಿಲ್ಲದಂತೆ ಪ್ರತಿ ಮಾಡಿಕೊಳ್ಳಬೇಕು. ಫಲಕದ ಹಿಂಬದಿಯನ್ನೂ ಬಿಡಬಾರದು. ಅಲ್ಲಿ ಕೆಲಸಗಾರರ ಕೈಬರಹದ ಅಂಕಿ, ದಿನಾಂಕ, ಸಹಿಗಳು ಸಿಕ್ಕುವುದುಂಟು.

ಮೂರನೆಯದು ಶುಚಿಗೊಳಿಸುವಿಕೆ. ಮೃದುವಾದ ಒಣ ಕುಂಚದಿಂದ ಧೂಳನ್ನು ತೆಗೆದರೆ ಬಹಳ ಸಲ ಅಷ್ಟೇ ಸಾಕಾಗುತ್ತದೆ. ಲೋಹದ ಫಲಕವಾದರೆ ಬಟ್ಟಿಯಿಳಿಸಿದ ನೀರಿನಲ್ಲಿ ತುಸುವೇ ನೆನೆದ ಹತ್ತಿಯನ್ನು ಒಂದು ಮೂಲೆಯಲ್ಲಿ ಮುಟ್ಟಿಸಿ, ಬಣ್ಣ ಬಿಡುವುದಿಲ್ಲವೆಂದು ಖಚಿತಪಡಿಸಿಕೊಂಡು ಮುಂದುವರಿಯಬಹುದು. ಕಾಗದದ ಫಲಕಕ್ಕೆ ನೀರು ಕೂಡದು. ಕಾಗದ ಹಿಗ್ಗಿ ಗೆರೆಗಳು ಸರಿಯುತ್ತವೆ. ಸ್ಪಿರಿಟ್, ಥಿನ್ನರ್, ಅಸಿಟೋನ್ ಇವುಗಳನ್ನು ಹತ್ತಿರಕ್ಕೂ ತರಬಾರದು. ಮುಂದಿನ ಪಾರದರ್ಶಕ ಮುಚ್ಚಳ ಪ್ಲಾಸ್ಟಿಕ್ಕಿನದಾದರೆ ಅದನ್ನು ಒಣಬಟ್ಟೆಯಿಂದ ಉಜ್ಜುವುದೂ ತಪ್ಪೇ. ಉಜ್ಜಿದಾಗ ಹುಟ್ಟುವ ಸ್ಥಿರವಿದ್ಯುತ್ತು ಮುಳ್ಳನ್ನು ತನ್ನೆಡೆಗೆ ಸೆಳೆದು ಸುಳ್ಳು ಅಳತೆಯನ್ನು ತೋರಿಸುತ್ತದೆ. ಸೋಪಿನ ನೀರಿನಲ್ಲಿ ತೇವಮಾಡಿದ ಬಟ್ಟೆಯಿಂದ ಒಮ್ಮೆ ಸವರಿದರೆ ಈ ದೋಷ ನಿವಾರಣೆಯಾಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಉಪಕರಣಗಳಲ್ಲಿ, ಮುಖ್ಯವಾಗಿ ವಿಮಾನದ ಮೀಟರುಗಳಲ್ಲಿ, ಕತ್ತಲೆಯಲ್ಲಿ ಹೊಳೆಯಲೆಂದು ಅಂಕಿಗಳಿಗೂ ಮುಳ್ಳಿಗೂ ರೇಡಿಯಮ್ ಬೆರೆತ ಬಣ್ಣವನ್ನು ಬಳಿಯುತ್ತಿದ್ದರು. ಯುದ್ಧಾನಂತರ ಅಂತಹವು ಹೆಚ್ಚುವರಿ ಸಾಮಗ್ರಿಯಾಗಿ ಮಾರಾಟವಾಗಿ ಪ್ರಯೋಗಶಾಲೆಗಳನ್ನೂ ಮನೆಗಳನ್ನೂ ಸೇರಿದುವು. ಬಣ್ಣದಲ್ಲಿನ ಸತುವಿನ ಸಲ್ಫೈಡ್ ಕೆಲವು ದಶಕಗಳಲ್ಲಿ ಸವೆದು ಹೊಳಪು ನಿಂತುಹೋಗುತ್ತದೆ; ಆದರೆ ರೇಡಿಯಮಿನ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳೆಯದ ಅಂಕಿ ನಿರಪಾಯವೆಂದು ಭಾವಿಸಿ ಅದನ್ನು ಕೆರೆದವನು ಆ ಪುಡಿಯನ್ನು ಉಸಿರಿನೊಡನೆ ಒಳಕ್ಕೆಳೆದುಕೊಳ್ಳುತ್ತಾನೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಗಡಿಯಾರದ ಫಲಕಗಳಿಗೆ ಈ ಬಣ್ಣ ಬಳಿಯುತ್ತ, ಕುಂಚದ ತುದಿಯನ್ನು ತುಟಿಯಿಂದ ಚೂಪುಮಾಡಿಕೊಳ್ಳುತ್ತಿದ್ದ ಯುವತಿಯರು ದವಡೆಯ ಮೂಳೆ ಕೊಳೆತು ಸತ್ತ ಕಥೆ ಪ್ರಸಿದ್ಧವಾಗಿದೆ. ಹಳದಿಯೋ ಕಂದೋ ಆದ ದಪ್ಪ ಬಣ್ಣದ ಅಂಕಿಗಳಿರುವ ಸೈನಿಕ ಮೀಟರನ್ನು ಬಿಚ್ಚದೆ, ವಿಕಿರಣವನ್ನು ಅಳೆಯಬಲ್ಲವರಿಗೆ ಮೊದಲು ತೋರಿಸುವುದೇ ಸರಿಯಾದ ಮಾರ್ಗ.

ನಾಲ್ಕನೆಯದು ಗೆರೆಗಳನ್ನು ಮತ್ತೆ ಎಳೆಯುವುದು. ಪ್ರತಿಯನ್ನು ಗಣಕದಲ್ಲಿಟ್ಟು ಅದರ ಮೇಲೆ ಗೆರೆಗಳನ್ನು ರಚಿಸುವುದು ಇಂದು ಕಷ್ಟವಲ್ಲ. ಮುದ್ರಣದಲ್ಲಿ ಮಾತ್ರ ಜಾಗರೂಕತೆ ಬೇಕು. ಒಂದು ಉದಾಹರಣೆಯನ್ನು ಲೆಕ್ಕಮಾಡಿ ನೋಡೋಣ. ಮುಳ್ಳಿನ ಉದ್ದ 60 ಮಿಲಿಮೀಟರ್, ಅದು ತಿರುಗುವ ಕೋನ 90 ಅಂಶ, ಗೆರೆಗಳು ನೂರು ಎಂದಿಟ್ಟುಕೊಂಡರೆ, ಒಂದೊಂದು ಗೆರೆಗೆ 0.9 ಅಂಶ, ಅಂದರೆ ಕಮಾನಿನ ಮೇಲೆ ಸುಮಾರು 0.94 ಮಿಲಿಮೀಟರ್. ಮುದ್ರಣಯಂತ್ರ ಪುಟಕ್ಕೆ ಹೊಂದಿಸಲೆಂದು ಚಿತ್ರವನ್ನು ನೂರಕ್ಕೆ 97ರಷ್ಟಾಗಿ ಕುಗ್ಗಿಸಿತೆನ್ನೋಣ. ಕಣ್ಣಿಗೆ ಅದು ತಿಳಿಯುವುದೇ ಇಲ್ಲ. ಕಮಾನು ಮೇಲ್ಗಡೆ ಮೊದಲಿನ ಜಾಗದಲ್ಲಿಯೇ ಕೂರುವಂತೆ ಅದನ್ನು ಇಟ್ಟರೆ, ಕಮಾನಿನ ಕೇಂದ್ರ ಮುಳ್ಳಿನ ತಿರುಗುಬಿಂದುವಿಗಿಂತ 1.8 ಮಿಲಿಮೀಟರ್ ಮೇಲಕ್ಕೆ ಸರಿಯುತ್ತದೆ. ಆಗ ನಡುವಿನ ಅಳತೆ ಸರಿಯಾಗಿಯೇ ಇರುತ್ತದೆ. ಎರಡು ತುದಿಗಳಲ್ಲಿ ಮಾತ್ರ ಸುಮಾರು 1.4 ಗೆರೆಗಳಷ್ಟು ತಪ್ಪು ಬರುತ್ತದೆ. 1.5 ದರ್ಜೆಯ ಮೀಟರಿಗೆ ಇಡೀ ಜೀವಮಾನಕ್ಕೆ ಅನುಮತಿಸಿದ ತಪ್ಪನ್ನು ಒಂದು ಕಾಗದವೇ ನುಂಗಿಬಿಟ್ಟಂತಾಯಿತು. ಮುಳ್ಳು ಸೊನ್ನೆಯ ಮೇಲೆ ನಿಂತಿಲ್ಲವೆಂದು ಮುಂದಿನ ಸ್ಕ್ರೂವನ್ನು ತಿರುಗಿಸಿ ಸರಿಪಡಿಸಿದರೋ, ನಡುವಿನಲ್ಲಿ ಸುಮಾರು 1.4, ಕೊನೆಯಲ್ಲಿ ಸುಮಾರು 2.7 ಗೆರೆಗಳ ತಪ್ಪು ಸೇರಿಕೊಳ್ಳುತ್ತದೆ. ಆದುದರಿಂದ ಮುದ್ರಿತ ಫಲಕವನ್ನು ಮಿಲಿಮೀಟರ್ ಪಟ್ಟಿಯಿಂದ ಅಳೆದು ನೋಡಿ, ಸೊನ್ನೆ, ನಡು, ಕೊನೆ ಎಂಬ ಮೂರೆಡೆಗಳಲ್ಲಾದರೂ ನಂಬಲರ್ಹವಾದ ಮೀಟರಿನೊಡನೆ ಹೋಲಿಸಿದ ಮೇಲೆಯೇ ಕೆಲಸ ಮುಗಿಯಿತೆನ್ನಬೇಕು.

ಹೊಸ ಫಲಕವನ್ನು ಹಳೆಯದರ ಮೇಲೆ ಅಂಟಿಸಬಾರದು. ಹಳೆಯದನ್ನು ಕೆರೆದು ಬಣ್ಣ ಬಳಿಯಲಂತೂ ಬಾರದು. ಆಮ್ಲವಿಲ್ಲದ ತೆಳು ರಟ್ಟಿನ ಮೇಲೆ, ಬೇಗ ಮಾಸದ ಶಾಯಿಯಿಂದ ಮುದ್ರಿಸಿ, ಅದೇ ಎರಡು ಸ್ಕ್ರೂಗಳಿಂದ ಹಳೆಯ ಫಲಕದ ಮುಂದೆ ನಿಲ್ಲಿಸಿದರೆ ಸಾಕು. ಮುಳ್ಳಿಗೂ ಫಲಕಕ್ಕೂ ನಡುವಣ ಅಂತರ ಬಹಳ ಕಿರಿದಾದುದರಿಂದ ರಟ್ಟು ತೆಳುವಾಗಿದ್ದಷ್ಟೂ ಒಳ್ಳೆಯದು. ಗೆರೆಗಳ ಕೆಳಗೆ ಕನ್ನಡಿಯ ಪಟ್ಟಿಯಿದ್ದರೆ ಅದನ್ನು ಮುಚ್ಚಕೂಡದು. ಮುಳ್ಳೂ ಅದರ ಬಿಂಬವೂ ಒಂದಾಗುವಂತೆ ನೋಡಿ ಓದುವುದಕ್ಕಾಗಿಯೇ ಅದನ್ನು ಇಟ್ಟಿರುವುದು. ಹೊಸ ರಟ್ಟಿನ ಹಿಂಬದಿಯಲ್ಲಿ ಅದನ್ನು ಮಾಡಿದ ದಿನಾಂಕ, ಯಾವ ಗೆರೆಗಳು ಉಳಿದಿದ್ದುವು, ಯಾವುವನ್ನು ಲೆಕ್ಕದಿಂದ ಸೇರಿಸಲಾಯಿತು ಎಂಬುದನ್ನು ಬರೆದಿಡಬೇಕು.

ಈ ಕೊನೆಯ ಮಾತನ್ನು ನಾನು ಇತಿಹಾಸದ ವಿದ್ಯಾರ್ಥಿಯಾಗಿ ಹೇಳುತ್ತಿದ್ದೇನೆ. ಬಿ. ಎಲ್. ರೈಸರು 1886ರಿಂದ ಮುಂದಕ್ಕೆ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ ಮೈಸೂರು ಸೀಮೆಯ ಶಾಸನಗಳನ್ನು ಪ್ರಕಟಿಸಿದರು. ಆ ಬಗೆಯ ವಿದ್ವತ್ತು ನಮಗೆ ಕಲಿಸಿರುವ ಶಿಸ್ತೊಂದಿದೆ: ಶಾಸನದಲ್ಲಿ ಅಕ್ಷರ ತ್ರುಟಿತವಾಗಿದ್ದರೆ ಸಂಪಾದಕನು ಅಲ್ಲಿ ಚುಕ್ಕೆಗಳನ್ನಿಡುತ್ತಾನೆ, ಊಹೆಯಿಂದ ತುಂಬಿದರೆ ಕಂಸದಲ್ಲಿಡುತ್ತಾನೆ, ಕಲ್ಲಿನ ಮೇಲೆ ಉಳಿಯಿಟ್ಟು ತಿದ್ದಲು ಯಾರೂ ಹೋಗುವುದಿಲ್ಲ. ಕಲ್ಲಿಗೆ ತೋರುವ ಈ ಗೌರವವನ್ನು ತಗಡಿಗೆ ತೋರಬೇಕೇಕೆ ಎಂದು ಕೇಳಬಹುದು. ಕಲ್ಲು ಸಾವಿರ ವರ್ಷ ನಿಂತೀತು; ತಗಡಿನ ಮೇಲಿನ ಶಾಯಿ ಐವತ್ತು ವರ್ಷಕ್ಕೇ ಅಳಿಯುತ್ತಿದೆ. ಕಲ್ಲಿಗೆ ಇಲಾಖೆಗಳುಂಟು, ಸಂಪುಟಗಳುಂಟು. ತಗಡಿಗೆ ಗುಜರಿ ಅಂಗಡಿಯೊಂದೇ ಗತಿ.

ನಮ್ಮ ಕಾಲೇಜುಗಳ ಭೌತಶಾಸ್ತ್ರ ಪ್ರಯೋಗಶಾಲೆಗಳಲ್ಲಿಯೂ ಇಂತಹ ಮೀಟರುಗಳು ಕಪಾಟಿನ ತಳದಲ್ಲಿ ಬಿದ್ದಿವೆ. ಅವುಗಳನ್ನು ಕಂಡಮ್ ಮಾಡಿ ಹರಾಜಿಗೆ ಹಾಕುವ ಮೊದಲು, ಇತಿಹಾಸ ಮತ್ತು ಭೌತಶಾಸ್ತ್ರ ವಿಭಾಗಗಳು ಕೂಡಿ ಒಂದು ಮಧ್ಯಾಹ್ನವನ್ನು ಅವುಗಳಿಗಾಗಿ ಮೀಸಲಿಟ್ಟರೆ ಸಾಕು. ಪ್ರತಿಯೊಂದರ ಮುಖಫಲಕವನ್ನು ಸ್ಕ್ಯಾನು ಮಾಡಿ, ಸ್ಟಾಕ್ ರಿಜಿಸ್ಟರಿನಲ್ಲಿರುವ ಖರೀದಿಯ ವರ್ಷವನ್ನೂ ಬೆಲೆಯನ್ನೂ ಅದರೊಡನೆ ಸೇರಿಸಿಟ್ಟರೆ, ನಾಡಿನ ಔದ್ಯಮಿಕ ಚರಿತ್ರೆಗೆ ಬೇರೆಲ್ಲಿಯೂ ಸಿಕ್ಕದ ಸಾಮಗ್ರಿ ದೊರೆಯುತ್ತದೆ. ವಿಶೇಷ ಹಣವೇನೂ ಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ಆಕರವೆಂದರೇನೆಂಬುದು ಕೈಯಿಂದಲೇ ತಿಳಿಯುತ್ತದೆ.

ಕೆಂಗೇರಿ ಉಪನಗರದ ಆ ಹಿರಿಯರ ಮೀಟರು ಈಗ ಸರಿಯಾಗಿ ಅಳೆಯುತ್ತಿದೆ. ಅದರ ಓಮ್ ಗೆರೆಗಳು ನಡುಗೆರೆಯ ಸಂಖ್ಯೆಯಿಂದ ಮರಳಿ ಬಂದುವು. ವೋಲ್ಟಿನ ಗೆರೆಗಳನ್ನು ಎಡಭಾಗದಲ್ಲಿ ಉಳಿದಿದ್ದುವುಗಳಿಂದ ಮುಂದುವರಿಸಿದೆವು. ಬಲಮೂಲೆಯ ಚಿಹ್ನೆಗಳು ಏನಿದ್ದುವೆಂದು ಅವರಿಗೂ ನೆನಪಿರಲಿಲ್ಲ. ಆ ಮೂಲೆಯನ್ನು ಹೊಸ ರಟ್ಟಿನಲ್ಲಿ ಖಾಲಿಯಾಗಿಯೇ ಬಿಟ್ಟಿದ್ದೇವೆ. ಥಿನ್ನರಿನಿಂದ ಒರಸಿದ ಹಳೆಯ ಫಲಕ ಅದರ ಹಿಂದೆಯೇ ಇದೆ.